ಇಗ್ನಿಷನ್ ಕಾಯಿಲ್: ಹನ್ನೆರಡು ವೋಲ್ಟಿನ ಮನೆಯಲ್ಲಿ ಇಪ್ಪತ್ತು ಸಾವಿರ ವೋಲ್ಟಿನ ಕಿಡಿ

ಕನ್ನಡ ಕಲಿಸುವ ನಾವು ಈ ಸಲ ಕಾರಿನ ಬಾನೆಟ್ ಎತ್ತಿ ನಿಂತದ್ದನ್ನು ಕಂಡು ನಿಮಗೆ ನಗು ಬರಬಹುದು. ಆದರೆ ಈ ಕೊಲ್ಲಿ ನಾಡಿನಲ್ಲಿ ಗ್ಯಾರೇಜಿನಲ್ಲಿ ದುಡಿಯುವ, ಗಾಡಿ ಓಡಿಸುವ ಕನ್ನಡಿಗರು ಬಹಳ. ಅವರು ಕೈಯಿಂದ ಕಲಿತ ವಿದ್ಯೆಯನ್ನೇ ನೀವು ಮೇಲಿನ ತರಗತಿಗಳ ಭೌತಶಾಸ್ತ್ರದಲ್ಲಿ ಇಂಗ್ಲಿಷಿನಲ್ಲಿ ಓದುತ್ತೀರಿ. ಅಪ್ಪನ ಕೆಲಸ ಬೇರೆ, ಮಗಳ ಪಾಠ ಬೇರೆ ಎಂದೇ ಮನೆಯಲ್ಲಿ ಎಲ್ಲರೂ ತಿಳಿದಿರುತ್ತಾರೆ. ಎರಡೂ ಒಂದೇ ಎಂಬುದನ್ನು ಇಂದು ಒಂದು ಪುಟ್ಟ ಸಾಧನದ ಮೂಲಕ ನೋಡೋಣ. ಅದರ ಹೆಸರು ಇಗ್ನಿಷನ್ ಕಾಯಿಲ್.

ಕಿಡಿ ಏಕೆ ಬೇಕು?

ಪೆಟ್ರೋಲ್ ಎಂಜಿನಿನ ಸಿಲಿಂಡರಿನೊಳಗೆ ಪೆಟ್ರೋಲಿನ ಆವಿ ಮತ್ತು ಗಾಳಿ ಸೇರಿದ ಮಿಶ್ರಣವನ್ನು ಪಿಸ್ಟನ್ ಒತ್ತಿ ಹಿಡಿಯುತ್ತದೆ. ಅದಕ್ಕೆ ಬೆಂಕಿ ತಾಗಿಸುವುದು ಸ್ಪಾರ್ಕ್ ಪ್ಲಗ್. ಪ್ಲಗ್ಗಿನ ತುದಿಯಲ್ಲಿ ಒಂದು ಮಿಲಿಮೀಟರಿನಷ್ಟು, ಎಷ್ಟೋ ಸಲ ಅದಕ್ಕೂ ಕಡಿಮೆ, ಸಂದು ಇರುತ್ತದೆ. ವಿದ್ಯುತ್ತು ಆ ಸಂದನ್ನು ಹಾರಿದಾಗ ಕಿಡಿ. ಒತ್ತಡಕ್ಕೆ ಸಿಕ್ಕಿದ ಗಾಳಿಯನ್ನು ಸೀಳಿ ಹಾರಲು ಹತ್ತಾರು ಸಾವಿರ ವೋಲ್ಟ್ ಬೇಕು. ಬ್ಯಾಟರಿಯಲ್ಲಿ ಇರುವುದೋ ಬರೀ 12 ವೋಲ್ಟ್. ನಡುವಿನ ಈ ಅಂತರವನ್ನು ತುಂಬುವುದೇ ಕಾಯಿಲಿನ ಕೆಲಸ. (ಡೀಸೆಲ್ ಎಂಜಿನಿನಲ್ಲಿ ಗಾಳಿಯನ್ನು ಬಲವಾಗಿ ಒತ್ತಿದ ಬಿಸಿಗೇ ಇಂಧನ ಹೊತ್ತಿಕೊಳ್ಳುತ್ತದೆ, ಅಲ್ಲಿ ಈ ಕಾಯಿಲ್ ಇಲ್ಲ.)

ಕಾಯಿಲಿನ ಹೊಟ್ಟೆಯಲ್ಲಿ

ಕಾಯಿಲ್ ಎಂದರೆ ಸುರುಳಿ. ಒಳಗೆ ಒಂದಲ್ಲ, ಎರಡು ಸುರುಳಿಗಳಿವೆ. ನಡುವೆ ತೆಳು ಪಟ್ಟಿಗಳನ್ನು ಜೋಡಿಸಿದ ಮೆದು ಕಬ್ಬಿಣದ ತಿರುಳು. ದಪ್ಪ ತಂತಿಯನ್ನು ಕೆಲವು ನೂರು ಸುತ್ತು ಸುತ್ತಿದ್ದು ಪ್ರಾಥಮಿಕ ಸುರುಳಿ. ಕೂದಲಿನಂಥ ಸಣ್ಣ ತಂತಿಯನ್ನು ಹತ್ತಾರು ಸಾವಿರ ಸುತ್ತು ಸುತ್ತಿದ್ದು ದ್ವಿತೀಯಕ ಸುರುಳಿ. ಮೊದಲನೆಯದರ ಒಂದು ಸುತ್ತಿಗೆ ಎರಡನೆಯದರಲ್ಲಿ ಸುಮಾರು ನೂರು ಸುತ್ತು ಎಂದು ಲೆಕ್ಕ ಇಟ್ಟುಕೊಳ್ಳಿ.

ಈಗ ಗುಣಿಸಿ ನೋಡಿ. 12ನ್ನು 100ರಿಂದ ಗುಣಿಸಿದರೆ 1,200 ವೋಲ್ಟ್. ಕಿಡಿಗೆ ಇದು ಏನೇನೂ ಸಾಲದು. ಹಾಗಾದರೆ ಉಳಿದದ್ದು ಎಲ್ಲಿಂದ ಬಂತು? ಇಡೀ ಪಾಠದ ಜೀವ ಈ ಒಂದು ಪ್ರಶ್ನೆಯಲ್ಲಿದೆ.

ಹರಿಯುವಾಗ ಅಲ್ಲ, ನಿಲ್ಲುವಾಗ

1831ರಲ್ಲಿ ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಒಂದು ಕಬ್ಬಿಣದ ಬಳೆಗೆ ಎರಡು ಸುರುಳಿಗಳನ್ನು ಸುತ್ತಿದರು. ಒಂದಕ್ಕೆ ಬ್ಯಾಟರಿ, ಇನ್ನೊಂದಕ್ಕೆ ವಿದ್ಯುತ್ತನ್ನು ತೋರಿಸುವ ಮುಳ್ಳು. ಮೊದಲ ಸುರುಳಿಯಲ್ಲಿ ವಿದ್ಯುತ್ತು ಒಂದೇ ಸಮನೆ ಹರಿಯುತ್ತಿದ್ದಾಗ ಮುಳ್ಳು ಕದಲಲಿಲ್ಲ. ಬ್ಯಾಟರಿಯನ್ನು ಜೋಡಿಸಿದ ಕ್ಷಣ ಒಮ್ಮೆ, ಬಿಡಿಸಿದ ಕ್ಷಣ ಇನ್ನೊಮ್ಮೆ ಥಟ್ಟನೆ ಹೊಯ್ದಾಡಿತು. ಕಾಂತಕ್ಷೇತ್ರ ಬದಲಾಗುವಾಗ ಮಾತ್ರ ಪಕ್ಕದ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ ಎಂಬುದು ಇದರಿಂದ ತಿಳಿಯಿತು. ಇದೇ ವಿದ್ಯುತ್ಕಾಂತೀಯ ಪ್ರೇರಣೆ. ಹುಡುಗನಾಗಿದ್ದಾಗ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿತು, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನಿಯಾದವರು ಈ ಫ್ಯಾರಡೆ.

ಬದಲಾವಣೆ ಎಷ್ಟು ಬೇಗ ಆಗುತ್ತದೋ ವೋಲ್ಟ್ ಅಷ್ಟು ಹೆಚ್ಚು. ಶಾಲೆಯ ಬಸ್ಸು ನಿಧಾನವಾಗಿ ನಿಂತರೆ ನಿಮಗೆ ಗೊತ್ತೇ ಆಗುವುದಿಲ್ಲ. ಗಕ್ಕನೆ ಬ್ರೇಕ್ ಹಾಕಿದರೆ ನಿಂತವರೆಲ್ಲ ಮುಂದಕ್ಕೆ ಮುಗ್ಗರಿಸುತ್ತಾರೆ. ಕಾಯಿಲಿನಲ್ಲೂ ಹೀಗೆಯೇ. ಪ್ರಾಥಮಿಕ ಸುರುಳಿಯಲ್ಲಿ ಹರಿಯುವ ವಿದ್ಯುತ್ತನ್ನು ಗಕ್ಕನೆ ಕಡಿದಾಗ ಆ ಸುರುಳಿಯಲ್ಲೇ ಕ್ಷಣಮಾತ್ರ 200ರಿಂದ 300 ವೋಲ್ಟ್ ಏಳುತ್ತದೆ. ಇದನ್ನು 100ರಿಂದ ಗುಣಿಸಿ: 20,000ದಿಂದ 30,000 ವೋಲ್ಟ್! ಲೆಕ್ಕ ಸರಿಹೋಯಿತು. ಶಕ್ತಿಯೇನೂ ಬಿಟ್ಟಿ ಬರಲಿಲ್ಲ. ವೋಲ್ಟ್ ಏರಿದಷ್ಟು ಆಂಪಿಯರ್ ಇಳಿದಿರುತ್ತದೆ.

ತಂತಿಗಳ ಜೋಡಣೆ

ಮುಂಬಯಿಯ ಟ್ಯಾಕ್ಸಿಯಾಗಿ ಹೆಸರಾಗಿ 2023ರಲ್ಲಿ ಅಲ್ಲಿನ ರಸ್ತೆಗೆ ವಿದಾಯ ಹೇಳಿದ ಪ್ರೀಮಿಯರ್ ಪದ್ಮಿನಿಯಂಥ ಹಳೆಯ ಕಾರನ್ನು ತೆಗೆದುಕೊಳ್ಳೋಣ. ಅದರಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ.

1. ಬ್ಯಾಟರಿಯ ಪ್ಲಸ್ಸಿನಿಂದ ಹೊರಟ ತಂತಿ ಕೀಲಿಯ ಸ್ವಿಚ್ಚಿನ ಮೂಲಕ ಕಾಯಿಲಿನ ಪ್ಲಸ್ಸಿಗೆ ಬರುತ್ತದೆ. ಕೆಲವು ಕಾಯಿಲುಗಳಲ್ಲಿ ಇಲ್ಲಿ 15 ಎಂಬ ಅಂಕಿ ಇರುತ್ತದೆ.

2. ಕಾಯಿಲಿನ ಮೈನಸ್ಸಿನಿಂದ, ಅಂದರೆ 1 ಎಂಬ ಅಂಕಿಯಿಂದ, ಇನ್ನೊಂದು ತಂತಿ ಡಿಸ್ಟ್ರಿಬ್ಯೂಟರಿನ ಪಾಯಿಂಟಿಗೆ ಹೋಗುತ್ತದೆ. ಪಾಯಿಂಟ್ ಮುಚ್ಚಿದಾಗ ವಿದ್ಯುತ್ತು ಗಾಡಿಯ ಬಾಡಿಯ ಮೂಲಕ ಬ್ಯಾಟರಿಯ ಮೈನಸ್ಸಿಗೆ ಮರಳುತ್ತದೆ. ತಿರುಗುವ ಕ್ಯಾಮ್ ಪಾಯಿಂಟನ್ನು ತೆರೆದ ಕ್ಷಣವೇ ಕಿಡಿಯ ಕ್ಷಣ.

3. ಪಾಯಿಂಟಿನ ಜೊತೆಗೆ ಸಮಾಂತರವಾಗಿ ಒಂದು ಕಂಡೆನ್ಸರ್. ಪಾಯಿಂಟ್ ತೆರೆಯುವಾಗ ಅಲ್ಲಿಯೇ ಕಿಡಿ ಹಾರಿ ಶಕ್ತಿ ಪೋಲಾಗದಂತೆ ಅದು ತಡೆಯುತ್ತದೆ. ಕಂಡೆನ್ಸರ್ ಕೆಟ್ಟರೆ ಪಾಯಿಂಟ್ ಸುಟ್ಟು ಕರಕಾಗುತ್ತದೆ, ಪ್ಲಗ್ಗಿನ ಕಿಡಿ ಸೊರಗುತ್ತದೆ.

4. ಕಾಯಿಲಿನ ನಡುವಿನ ಬಾಯಿಂದ ಹೊರಟ ದಪ್ಪ ತಂತಿ ಡಿಸ್ಟ್ರಿಬ್ಯೂಟರಿನ ಮುಚ್ಚಳಕ್ಕೆ, ಅಲ್ಲಿಂದ ಸರದಿಯಂತೆ ನಾಲ್ಕು ಪ್ಲಗ್ಗುಗಳಿಗೆ.

ನಮ್ಮ ಮೈಸೂರಿನ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಜಾವಾ ಮೋಟಾರ್ ಸೈಕಲ್ಲಿನಲ್ಲೂ ಇದೇ ತತ್ವ. ಬ್ಯಾಟರಿ ಮಾತ್ರ 6 ವೋಲ್ಟಿನದು. ಸಿಲಿಂಡರ್ ಒಂದೇ ಆದ್ದರಿಂದ ಡಿಸ್ಟ್ರಿಬ್ಯೂಟರ್ ಬೇಡ, ಕಾಯಿಲಿನಿಂದ ನೇರ ಪ್ಲಗ್ಗಿಗೆ. ಊರಿನ ಮೆಕ್ಯಾನಿಕ್ಕುಗಳು ಉಪ್ಪುಕಾಗದದಿಂದ ಪಾಯಿಂಟ್ ಉಜ್ಜಿ ಗಾಡಿಗೆ ಮತ್ತೆ ಜೀವ ತರುತ್ತಿದ್ದರಲ್ಲ, ಅದು ವಿದ್ಯುತ್ತು ಚೆನ್ನಾಗಿ ಹರಿಯಲಿ, ಚೊಕ್ಕವಾಗಿ ಕಡಿಯಲಿ ಎಂದು.

ಎರಡು ತಪ್ಪು ಜೋಡಣೆಗಳು

ಪ್ಲಸ್ ಮತ್ತು ಮೈನಸ್ ಅದಲುಬದಲಾದರೂ ಗಾಡಿ ಸ್ಟಾರ್ಟ್ ಆಗುತ್ತದೆ. ಆದ್ದರಿಂದಲೇ ಈ ತಪ್ಪು ಬೇಗ ಗೊತ್ತಾಗುವುದಿಲ್ಲ. ಪ್ಲಗ್ಗಿನ ನಡುವಿನ ಕಡ್ಡಿ ಹೆಚ್ಚು ಬಿಸಿಯಾಗಿರುತ್ತದೆ. ಎಲೆಕ್ಟ್ರಾನುಗಳು ಬಿಸಿ ಲೋಹದಿಂದ ಸುಲಭವಾಗಿ ಹೊರಡುತ್ತವೆ. ಜೋಡಣೆ ತಿರುವುಮುರುವಾದರೆ ಅವು ತಂಪು ಕಡೆಯಿಂದ ಹೊರಡಬೇಕಾಗಿ, ಕಿಡಿಗೆ ಹೆಚ್ಚು ವೋಲ್ಟ್ ಬೇಕಾಗುತ್ತದೆ.

ಇನ್ನೊಂದು ತಪ್ಪು ದುಬಾರಿಯದು. ಕೆಲವು ಕಾಯಿಲುಗಳ ಪ್ರಾಥಮಿಕ ಸುರುಳಿಯ ರೋಧ ಸುಮಾರು 3 ಓಮ್. ಓಮನ ನಿಯಮದಂತೆ 12 ಭಾಗಿಸು 3, ಅಂದರೆ 4 ಆಂಪಿಯರ್. ಇನ್ನು ಕೆಲವು ಸುಮಾರು 1.5 ಓಮಿನವು; ಇವುಗಳ ದಾರಿಯಲ್ಲಿ ಬ್ಯಾಲಸ್ಟ್ ಎಂಬ ಬೇರೆಯ ರೋಧಕ ಇರಲೇಬೇಕು. ಅದನ್ನು ಬಿಟ್ಟು ನೇರವಾಗಿ 12 ವೋಲ್ಟ್ ಕೊಟ್ಟರೆ 8 ಆಂಪಿಯರ್ ಹರಿದು ಕಾಯಿಲ್ ಕಾದುಹೋಗುತ್ತದೆ, ಪಾಯಿಂಟ್ ಸುಡುತ್ತದೆ. ಇಲ್ಲಿನ ಬೇಸಗೆಯಲ್ಲಂತೂ ಕೇಳುವುದೇ ಬೇಡ. ಅಂಗಡಿಯಲ್ಲಿ ಎರಡೂ ಡಬ್ಬಿಗಳು ನೋಡಲು ಒಂದೇ ತರಹ. ಆದ್ದರಿಂದ ಮೈಮೇಲಿನ ಬರಹ ಓದಿ, ಅಳೆದು ಹಾಕಬೇಕು. ಎಂಜಿನ್ ನಿಲ್ಲಿಸಿ ಕೀಲಿಯನ್ನು ಆನ್ ಮಾಡಿಟ್ಟರೂ ಕಾಯಿಲ್ ಕಾಯುತ್ತದೆ ಎಂಬುದು ನೆನಪಿರಲಿ.

ಎಚ್ಚರಿಕೆ

ಬ್ಯಾಟರಿ 12 ವೋಲ್ಟಿನದು ಎಂದು ಉಡಾಫೆ ಬೇಡ. ಎಂಜಿನ್ ಓಡುವಾಗ ದಪ್ಪ ತಂತಿಯನ್ನು ಮುಟ್ಟಬಾರದು, ಎಳೆಯಬಾರದು. ಎದೆಯಲ್ಲಿ ಪೇಸ್ ಮೇಕರ್ ಇರುವವರು ಹತ್ತಿರ ಹೋಗಬಾರದು. ಪೆಟ್ರೋಲಿನ ವಾಸನೆ ಇರುವಲ್ಲಿ ಕಿಡಿಯ ಪರೀಕ್ಷೆ ಮಾಡಲೇಬಾರದು. ಓಮ್ ಅಳೆಯುವ ಮುನ್ನ ಬ್ಯಾಟರಿಯ ತಂತಿ ಬಿಚ್ಚಿರಬೇಕು. ಮಕ್ಕಳು ಒಬ್ಬರೇ ಬಾನೆಟ್ ಎತ್ತುವುದು ಬೇಡ. ಕೆಲಸ ಬಲ್ಲ ಹಿರಿಯರು ಜೊತೆಗಿರಲಿ.

ಇಂದಿನ ಕಾರುಗಳಲ್ಲಿ

ಈಗಿನ ಪೆಟ್ರೋಲ್ ಕಾರುಗಳಲ್ಲಿ ಪಾಯಿಂಟ್ ಇಲ್ಲ; ವಿದ್ಯುತ್ತನ್ನು ಕಡಿಯುವುದು ಟ್ರಾನ್ಸಿಸ್ಟರ್, ಯಾವಾಗ ಕಡಿಯಬೇಕೆಂದು ಹೇಳುವುದು ಕಂಪ್ಯೂಟರ್. ಹಲವು ಕಾರುಗಳಲ್ಲಿ ಪ್ರತಿ ಪ್ಲಗ್ಗಿನ ತಲೆಯ ಮೇಲೂ ಒಂದೊಂದು ಕಾಯಿಲ್. ರೂಪ ಬದಲಾದರೂ ತತ್ವ ಫ್ಯಾರಡೆ ಕಂಡದ್ದೇ.

ಅಭ್ಯಾಸ

1. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದೆ. ಎರಡು ಸುತ್ತಿಗೊಮ್ಮೆ ಪ್ರತಿ ಸಿಲಿಂಡರಿಗೂ ಒಂದು ಕಿಡಿ. ಇರುವುದು ಒಂದೇ ಕಾಯಿಲ್. ಸೆಕೆಂಡಿಗೆ ಎಷ್ಟು ಕಿಡಿ?

2. ಕಿಡಿ ಹುಟ್ಟುವುದು ಪಾಯಿಂಟ್ ಮುಚ್ಚಿದಾಗಲೋ, ತೆರೆದಾಗಲೋ? ಏಕೆ?

3. ಈ ಪಾಠವನ್ನು ಮನೆಯಲ್ಲಿ ಅಪ್ಪನಿಗೋ ಮಾವನಿಗೋ ಕನ್ನಡದಲ್ಲಿ ವಿವರಿಸಿ. ಬಳಿಕ ಗಾಡಿಯಲ್ಲಿ ಕಿಡಿ ಬರದಿದ್ದರೆ ಮೊದಲು ಏನು ನೋಡುತ್ತೀರಿ ಎಂದು ಅವರನ್ನು ಕೇಳಿ, ಹೇಳಿದ್ದನ್ನು ಹೇಳಿದ ಮಾತಿನಲ್ಲೇ ಬರೆದುಕೊಂಡು ತರಗತಿಗೆ ತನ್ನಿ.

ಮೊದಲ ಪ್ರಶ್ನೆಯ ಉತ್ತರ ನೂರು. ಎರಡನೆಯದರ ಉತ್ತರ ಪಾಠದಲ್ಲಿದೆ. ಮೂರನೆಯದರ ಉತ್ತರ ನಮ್ಮ ಯಾವ ಪಠ್ಯಪುಸ್ತಕದಲ್ಲೂ ಸಿಗದು. ಅದನ್ನು ಮನೆಯವರೇ ಹೇಳಬೇಕು.