ಆಲೂಗಡ್ಡೆಯ ತವರಿನಲ್ಲಿ ನಾಲ್ಕು ವಾರದ ಆಳು

ಬೊಲಿವಿಯಾಕ್ಕೆ ಹೊರಟಿದ್ದೇನೆ ಎಂದಾಗ ನೆರೆಕರೆಯವರು ಕೇಳಿದ ಮೊದಲ ಪ್ರಶ್ನೆ, 'ಹಾಗಾದ್ರೆ ಮದ್ದು ಯಾರು ಬಿಡುವುದು?' ಎಂದು. ನ್ಯಾಯವೇ. ನನ್ನದು ಎರಡೂವರೆ ಎಕರೆ ಅಡಿಕೆ ತೋಟ. ಮಳೆ ಹಿಡಿಯುವ ಹೊತ್ತಿಗೆ ತೋಟ ಬಿಟ್ಟು ಹೋಗುವವನನ್ನು ಹುಚ್ಚ ಅನ್ನದೆ ಇನ್ನೇನು ಅನ್ನಬೇಕು? ಕೊನೆಗೆ ಪಕ್ಕದ ತೋಟದವರು, 'ಮೊದಲನೇ ಮದ್ದು ನಾನು ಬಿಡಿಸ್ತೇನೆ, ಎರಡನೆಯದಕ್ಕೆ ನೀವು ಬಂದು ನನ್ನ ತೋಟಕ್ಕೂ ನಿಲ್ಲಿ' ಎಂದರು. ಹಳೆಯ ಮುಯ್ಯಾಳು ಲೆಕ್ಕ. ಆ ಮಾತಿನ ಬಲದಲ್ಲಿ 2018ರ ಮೇ ತಿಂಗಳಲ್ಲಿ ಹೊರಟೆ. ಮೂರು ವರ್ಷದ ಕಾಳುಮೆಣಸಿನ ಹಣ ಅದಕ್ಕೆಂದೇ ತೆಗೆದಿಟ್ಟಿದ್ದೆ.

ಹೋದದ್ದು ಯಾಕೆ? ಆಲೂಗಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ. ಅಲ್ಲಿ ಅದರ ಸಾವಿರಾರು ತಳಿಗಳನ್ನು ಉಳಿಸಿಕೊಂಡು ಬಂದವರು ನಮ್ಮ ಹಾಗಿನ ತುಂಡು ಭೂಮಿಯ ರೈತರು. ನಮ್ಮ ಮನೆಯಲ್ಲೋ, ಅಪ್ಪ ಕಾಪಾಡಿದ್ದ ಕಯಮೆ, ಅತಿಕರಾಯ ಭತ್ತದ ಬೀಜ ನನ್ನ ಕಾಲಕ್ಕೇ ಮುಗಿದಿತ್ತು. ಅವರಿಗೆ ಸಾಧ್ಯವಾದದ್ದು ನನಗೆ ಯಾಕೆ ಆಗಲಿಲ್ಲ ಎಂಬ ಪ್ರಶ್ನೆ ಕೊರೆಯುತ್ತಿತ್ತು. ಟಿಟಿಕಾಕಾ ಸರೋವರದ ದಂಡೆಯ ಒಂದು ಐಮಾರಾ ರೈತ ಕುಟುಂಬದಲ್ಲಿ ನಾಲ್ಕು ವಾರ ದುಡಿಯುವುದು. ಊಟ, ವಸತಿ ಅವರದು. ಅದಕ್ಕೆ ಮೊದಲು ಮೂರು ವಾರ ಬೆನ್ನಿಗೆ ಚೀಲ ಹಾಕಿ ದೇಶ ತಿರುಗುವುದು. ಇದು ನನ್ನ ಯೋಜನೆ.

ಎತ್ತರದ ಪಾಠ

ಈ ಮೂರು ವಾರ ಬರೀ ಶೋಕಿ ಅಲ್ಲ. ಮೈ ಪಳಗಲು ಬೇಕೇ ಬೇಕು. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ ಎರಡು ಸಾವಿರ ಮೀಟರಿಗೂ ಸ್ವಲ್ಪ ಕಡಿಮೆ. ಟಿಟಿಕಾಕಾ ಸರೋವರದ ನೀರಿನ ಮಟ್ಟವೇ ಸುಮಾರು 3,800 ಮೀಟರು. ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟು, ಅದರ ತುದಿಯಲ್ಲಿ ಗದ್ದೆ ಮಾಡಿದ ಹಾಗೆ! ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಪಾಲೂ ಇಲ್ಲ. ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ. ನೀರು 90 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಮೊದಲೇ ಕುದಿಯುತ್ತದೆ. ಹಾಗಾಗಿ ಕುಕ್ಕರ್ ಇಲ್ಲದೆ ಅನ್ನ, ಬೇಳೆ ಬೇಯುವುದು ಕಷ್ಟ.

ನಾನು ಇಳಿದದ್ದು ಸಾಂತಾಕ್ರೂಜ್ ಎಂಬ ತಗ್ಗಿನ ಪಟ್ಟಣದಲ್ಲಿ, ಸುಮಾರು 400 ಮೀಟರು. ಸೆಕೆ, ಮಾವು, ಬಾಳೆ, ಎಲ್ಲ ನಮ್ಮೂರ ಹಾಗೇ. ಅಲ್ಲಿಂದ ಬಸ್ಸಿನಲ್ಲಿ ಹಂತಹಂತವಾಗಿ ಮೇಲಕ್ಕೆ ಹೋಗಿ, 2,800 ಮೀಟರಿನ ಸುಕ್ರೆಯಲ್ಲಿ ಎರಡು ದಿನ ನಿಂತೆ. ಏನೂ ಆಗಲಿಲ್ಲ. 'ಎಲ್ಲಾ ಸುಮ್ಮನೆ ಹೆದರಿಸ್ತಾರೆ' ಅಂದುಕೊಂಡೆ. ಅಲ್ಲೇ ಎಡವಿದ್ದು.

ಮೂರನೆಯ ದಿನ ಪೊಟೊಸಿಯ ಬಸ್ಸು ಹತ್ತಿದೆ. ಒಂದು ಕಾಲದಲ್ಲಿ ಲೋಕಕ್ಕೆಲ್ಲ ಬೆಳ್ಳಿ ಕೊಟ್ಟ ಗಣಿಯ ಊರು. ಎತ್ತರ 4,000 ಮೀಟರಿಗೂ ಮೇಲೆ. ಕೆಲವೇ ಗಂಟೆಗಳಲ್ಲಿ 1,200 ಮೀಟರು ಏರಿದ್ದೆ. ರಾತ್ರಿ ತಲೆ ಸಿಡಿಯತೊಡಗಿತು, ವಾಂತಿ, ಮಲಗಿದರೆ ಉಸಿರು ಕಟ್ಟಿದ ಹಾಗೆ. ಸ್ಥಳೀಯರು ಇದಕ್ಕೆ ಸೊರೊಚೆ ಅನ್ನುತ್ತಾರೆ. ಛತ್ರದ ಅಜ್ಜಿ ಕೋಕಾ ಎಲೆಯ ಚಹಾ ಕೊಟ್ಟರು. ಸ್ವಲ್ಪ ಹಿತವಾಯಿತು, ಗುಣವಾಗಲಿಲ್ಲ. ಬೆಳಗ್ಗೆ ಅವರೇ ನನ್ನ ಚೀಲ ಬಾಗಿಲಿಗೆ ತಂದಿಟ್ಟು, ಕೈಸನ್ನೆಯಲ್ಲಿ 'ಕೆಳಗೆ ಹೋಗು' ಎಂದರು. ಸುಕ್ರೆಗೆ ವಾಪಸು ಬಂದು ಸಂಜೆಯ ಹೊತ್ತಿಗೆ ಗಂಜಿ ಉಂಡೆ.

ಸೊರೊಚೆ ಜೋರಾದರೆ ಕೆಳಗಿಳಿಯುವುದೇ ಮದ್ದು. ಉದಾಸೀನ ಮಾಡಿದರೆ ಶ್ವಾಸಕೋಶಕ್ಕೋ ಮಿದುಳಿಗೋ ನೀರು ತುಂಬಿ ಜೀವಕ್ಕೇ ಸಂಚಕಾರ. 3,000 ಮೀಟರು ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಎಂಬುದು ವೈದ್ಯರ ಲೆಕ್ಕ. ಬಸ್ ದಾರಿಯಲ್ಲಿ ಇದು ಕಷ್ಟ. ಆದ್ದರಿಂದ ನಡುವಿನ ಊರಲ್ಲಿ ಹೆಚ್ಚು ದಿನ ನಿಲ್ಲುವುದೇ ದಾರಿ. ಇನ್ನೂ ನಾಲ್ಕು ದಿನ ಸುಕ್ರೆಯಲ್ಲಿದ್ದು ಮತ್ತೆ ಹತ್ತಿದೆ. ಈ ಸಲ ಬರೀ ಸಣ್ಣ ತಲೆನೋವು.

ಖರ್ಚು ಕೇಳುವವರಿಗೆ: ಆಗ ಒಂದು ಬೊಲಿವಿಯಾನೊ ಅಂದರೆ ನಮ್ಮ ಹತ್ತು ರೂಪಾಯಿಯ ಹತ್ತಿರ. ಸಂತೆಯ ಅಂಗಡಿಯಲ್ಲಿ ಸೂಪು ಸಹಿತ ಮಧ್ಯಾಹ್ನದ ಊಟಕ್ಕೆ 12ರಿಂದ 15 ಬೊಲಿವಿಯಾನೊ ಕೊಟ್ಟೆ. ಸಸ್ಯಾಹಾರಿಗೆ ಗತಿ ಆಲೂಗಡ್ಡೆ, ಜೋಳ, ಕಿನೊವಾ, ಮೊಟ್ಟೆ.

ಸೆಗಣಿಯ ಕತೆ

ನಾನು ಇಳಿದುಕೊಂಡ ಮನೆಯಲ್ಲಿ ಗಂಡ, ಹೆಂಡತಿ, ಅಜ್ಜ, ಇಬ್ಬರು ಮಕ್ಕಳು. ಇಪ್ಪತ್ತು ಕುರಿ, ಆರು ಲಾಮಾ, ಅಲ್ಲೊಂದು ಇಲ್ಲೊಂದು ಎಂಬಂತೆ ಏಳು ತುಂಡು ಹೊಲ. ನಾನೂ ರೈತ, ಏನಾದರೂ ಕಲಿಸಿಯೇ ಬರಬೇಕು ಎಂಬ ಹುಮ್ಮಸ್ಸು. ಲಾಮಾಗಳು ಒಂದೇ ಜಾಗದಲ್ಲಿ ಹಿಕ್ಕೆ ಹಾಕುತ್ತವೆ. ಒಟ್ಟುಮಾಡಲು ಸುಲಭ. ಎರಡನೆಯ ದಿನವೇ ಅದನ್ನು ಹುಲ್ಲಿನ ಜತೆ ಪದರ ಹಾಕಿ, ನೀರು ಚಿಮುಕಿಸಿ, ನಮ್ಮ ಕ್ರಮದ ಕಂಪೋಸ್ಟ್ ರಾಶಿ ಮಾಡಿದೆ. ಯಾರೂ ಏನೂ ಹೇಳಲಿಲ್ಲ.

ಬೆಳಗ್ಗೆ ನೋಡಿದರೆ ರಾಶಿಯ ಮೇಲೆ ಮಂಜುಗಡ್ಡೆ! ಜೂನ್ ಅಲ್ಲಿ ಚಳಿಗಾಲ, ರಾತ್ರಿ ಸೊನ್ನೆಗಿಂತ ಕೆಳಗೆ. ಒಂದು ವಾರವಾದರೂ ರಾಶಿ ಬಿಸಿಯಾಗಲೇ ಇಲ್ಲ. ಒಂದು ಸಂಜೆ ಮನೆಯೊಡತಿ ಬಂದು, ರಾಶಿಯಿಂದ ಹಿಕ್ಕೆ ಹೆಕ್ಕಿ ಬಿಸಿಲಿಗೆ ಹರಡುತ್ತಿದ್ದರು. ಆಗ ತಿಳಿಯಿತು. ಮರಗಳೇ ವಿರಳವಾದ ಆ ಬಯಲಲ್ಲಿ ಒಣಗಿದ ಹಿಕ್ಕೆಯೇ ಒಲೆಗೆ ಸೌದೆ. ನಾನು 'ಕಲಿಸಲು' ನೀರು ಹಾಕಿ ಒದ್ದೆ ಮಾಡಿದ್ದು ಅವರ ಅಡುಗೆಯ ಬೆಂಕಿಯನ್ನು. ಆ ಮೇಲೆ ನಾಲಿಗೆ ಬಿಗಿಹಿಡಿದು, ಹೇಳಿದ ಕೆಲಸ ಮಾಡಿದೆ.

ಮಂಜನ್ನೇ ಆಳಾಗಿಸಿದವರು

ಶತ್ರುವಾದ ಮಂಜನ್ನು ಅವರು ಕೆಲಸಕ್ಕೆ ಹಚ್ಚುವ ರೀತಿ ನೋಡಬೇಕು. ಮಂಜಿಗೆ ಜಗ್ಗದ ಲುಕಿ ಎಂಬ ಕಹಿ ಆಲೂಗಡ್ಡೆಗಳಿವೆ. ಹಾಗೇ ಬೇಯಿಸಿದರೆ ತಿನ್ನಲಾಗದು. ಜೂನ್-ಜುಲೈಯಲ್ಲಿ ಇದನ್ನು ಬಯಲಲ್ಲಿ ಹರಡುತ್ತಾರೆ. ರಾತ್ರಿ ಹೆಪ್ಪುಗಟ್ಟುತ್ತದೆ, ಹಗಲು ಕರಗಿ ಮೆತ್ತಗಾಗುತ್ತದೆ. ಮೂರು ನಾಲ್ಕು ರಾತ್ರಿಯಾದ ಮೇಲೆ ಗುಡ್ಡೆ ಮಾಡಿ ಬರಿಗಾಲಲ್ಲಿ ತುಳಿಯುವುದು. ನೀರು, ಸಿಪ್ಪೆ, ಜತೆಗೆ ಕಹಿಯೂ ಹೋಗುತ್ತದೆ. ನಂತರ ಬಿಸಿಲಲ್ಲಿ ಒಣಗಿಸಿದರೆ ಚುನ್ಯೊ ತಯಾರು. ಐದು ಕಿಲೋ ಗಡ್ಡೆಗೆ ಒಂದು ಕಿಲೋ ಸಿಗಬಹುದು. ಕಲ್ಲಿನ ಹಾಗೆ ಗಟ್ಟಿ, ವರ್ಷಗಟ್ಟಲೆ ಕೆಡುವುದಿಲ್ಲ. ನೀರಲ್ಲಿ ನೆನೆಸಿ ಸೂಪಿಗೆ ಹಾಕುತ್ತಾರೆ. ನಮ್ಮಲ್ಲಿ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ ಇದ್ದ ಹಾಗೆ, ಬೆಳೆ ಕೈಕೊಟ್ಟ ವರ್ಷದ ಆಪದ್ಬಾಂಧವ. ತುಳಿದ ನನ್ನ ಪಾದಗಳಿಗೆ ಎರಡು ದಿನ ಸ್ಪರ್ಶವೇ ಇರಲಿಲ್ಲ.

ಅವರ ಬೀಜದ ಮೂಲೆಯಲ್ಲಿ ನಾನು ಹದಿಮೂರು ತಳಿ ಎಣಿಸಿದೆ: ನೇರಳೆ, ಕೆಂಪು, ಹಸುವಿನ ಕೊಂಬಿನಂತೆ ಬಾಗಿದವು. ಒಂದೇ ಹೊಲದಲ್ಲಿ ಹಲವನ್ನು ಬೆರೆಸಿ ನೆಡುತ್ತಾರೆ. 'ಮಂಜು ಒಂದನ್ನು ತಿಂದರೆ ಇನ್ನೊಂದು ನಮಗೆ' ಎನ್ನುವುದು ಅಜ್ಜನ ವಿವರಣೆ. ಏಳು ಹೊಲ ಏಳು ಕಡೆ ಇರುವುದೂ ಅದಕ್ಕೇ. ಆಲೂಗಡ್ಡೆಯ ನಂತರ ಕಿನೊವಾ, ಆಮೇಲೆ ಬಾರ್ಲಿ, ಮತ್ತೆ ಕೆಲವು ವರ್ಷ ಬೀಡು, ಕುರಿ ಮೇಯಲಿಕ್ಕೆ. ಬೇರು ಕೊರೆಯುವ ಜಂತುಹುಳ ಕಡಿಮೆಯಾಗಲು ಈ ಬಿಡುವು ಬೇಕು.

ನೀರಿನ ಕಾಲುವೆಗಳ ನಡುವೆ ಎತ್ತರದ ಏರಿಗಳಿರುವ ಹಳೆಯ ಹೊಲಗಳನ್ನೂ ಕಂಡೆ. ಹೆಸರು ಸುಕಾ ಕೊಲ್ಲು. ಕಾಲುವೆಯ ನೀರು ಹಗಲು ಬಿಸಿಲು ಹೀರಿ ರಾತ್ರಿ ಶಾಖ ಬಿಟ್ಟು, ಬೆಳೆಯನ್ನು ಮಂಜಿನಿಂದ ಕಾಯುತ್ತದೆ. ಸಾವಿರ ವರ್ಷಕ್ಕೂ ಹಳೆಯ ಈ ಜಾಣ್ಮೆಯನ್ನು 1980ರ ದಶಕದಲ್ಲಿ ಸಂಶೋಧಕರು, ರೈತರು ಸೇರಿ ಮತ್ತೆ ಎಬ್ಬಿಸಿದರು. ಆದರೆ ಆಮೇಲೆ ಹಲವು ಕಡೆ ಪಾಳು ಬಿತ್ತು. ಕೆಸರು ಎತ್ತಲು ವರ್ಷವರ್ಷ ಆಳು ಬೇಕು, ಯುವಕರು ಪಟ್ಟಣ ಸೇರಿದ್ದಾರೆ. ನಮ್ಮ ತೋಟದ ಬಸಿಗಾಲುವೆಯ ಕತೆಯೂ ಇದೇ ಅಲ್ಲವೇ?

ಉಳಿದಿರುವ ಕಡೆ ಉಳಿಸಿದ್ದು ಐನಿ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಹಣದ ಮಾತಿಲ್ಲ, ಆದರೆ ಲೆಕ್ಕ ಮರೆಯುವ ಹಾಗಿಲ್ಲ. ಬೀಜವೂ ಹೀಗೇ ಕೈ ಬದಲಾಗುತ್ತದೆ. ನನ್ನ ಪ್ರಶ್ನೆಗೆ ಉತ್ತರ ಇಲ್ಲಿ ಸಿಕ್ಕಿತು. ಅಪ್ಪನ ಬೀಜ ಹೋದದ್ದು ಅದು ಬರೇ ನಮ್ಮ ಮನೆಯಲ್ಲಿ ಉಳಿದಿದ್ದರಿಂದ. ಹತ್ತು ಮನೆಯಲ್ಲಿ ಇದ್ದಿದ್ದರೆ ಹೋಗುತ್ತಿರಲಿಲ್ಲ.

ಹೋಗುವವರಿಗೆ ನಾಲ್ಕು ಮಾತು

1. ಹಳದಿ ಜ್ವರದ ಚುಚ್ಚುಮದ್ದು ಹೊರಡುವ ಹತ್ತು ದಿನ ಮೊದಲೇ ಆಗಬೇಕು. ಆ ಪ್ರಮಾಣಪತ್ರ ಭಾರತಕ್ಕೆ ಮರಳುವಾಗಲೂ ಬೇಕು.

2. ರಕ್ತದೊತ್ತಡ, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಹೊರಡಬೇಡಿ. ಸೊರೊಚೆ ತಡೆಯುವ ಮಾತ್ರೆಯನ್ನೂ ಅವರನ್ನೇ ಕೇಳಿ.

3. ಕೋಕಾ ಎಲೆ ಅಲ್ಲಿ ಕಾನೂನುಬದ್ಧ. ನೆನಪಿಗೆಂದು ಒಂದೆಲೆಯನ್ನೂ ಊರಿಗೆ ತರಬೇಡಿ. ಅಲ್ಲಿಂದ ಬೀಜದ ಗಡ್ಡೆಯೂ ಬೇಡ, ಜತೆಯಲ್ಲಿ ರೋಗ ಬರುತ್ತದೆ.

4. ನೂರು ಶಬ್ದವಾದರೂ ಸ್ಪ್ಯಾನಿಷ್ ಕಲಿತು ಹೋಗಿ. ಮೊದಲ ವಾರ ನೋಡಿ, ಕೇಳಿ. ಏನನ್ನೂ 'ಸುಧಾರಿಸಬೇಡಿ'.

ಜುಲೈ ನಡುವಿಗೆ ಊರಿಗೆ ಬಂದೆ. ಮೊದಲನೇ ಮದ್ದು ಸರಿಯಾಗಿ ಬಿದ್ದಿತ್ತು, ಕೊಳೆ ಇರಲಿಲ್ಲ. ಮರುದಿನವೇ ಪಕ್ಕದವರ ತೋಟಕ್ಕೆ ಹೋಗಿ ಮೂರು ದಿನ ಮದ್ದಿನ ಕೆಲಸಕ್ಕೆ ನಿಂತೆ. ಅಲ್ಲಿ ಮಾತಾಡುತ್ತಾ ಗೊತ್ತಾದ್ದು, ಅವರ ತಂಗಿಯ ಮನೆಯಲ್ಲಿ ಈಗಲೂ ಕಾಲೆಕರೆ ಕಯಮೆ ಬೇಸಾಯ ಇದೆ ಅಂತ. ಎರಡು ಸೇರು ಬೀಜ ತಂದೆ. ಬೆಳೆ ಬಂದ ಮೇಲೆ ನಾಲ್ಕು ಮನೆಗೆ ಹಂಚಿದೆ. ಅತಿಕರಾಯ ಇನ್ನೂ ಸಿಕ್ಕಿಲ್ಲ. ಯಾರಲ್ಲಾದರೂ ಒಂದು ಹಿಡಿ ಉಳಿದಿದ್ದರೆ ಹೇಳಿ, ಬದಲಿಗೆ ಒಂದು ದಿನದ ಆಳಾಗಿ ಬರುತ್ತೇನೆ.