ಕೆಲಸದ ಕೊನೆಯ ದಿನದಿಂದ ಎಣಿಸಬೇಡಿ

ವಿಶ್ವಸಂಸ್ಥೆಯ ನೌಕರಿ ಕಳೆದುಕೊಂಡವರು ವಕೀಲರ ಹತ್ತಿರ ಬರುವಾಗ ಮೆಚ್ಚುಗೆ ಪತ್ರಗಳ ದೊಡ್ಡ ಫೈಲನ್ನೇ ತರುತ್ತಾರೆ. ನಾನು ಮೊದಲು ಕೇಳುವುದು ಒಂದೇ: ಗುತ್ತಿಗೆ ಮುಂದುವರಿಸುವುದಿಲ್ಲ ಎಂಬ ಇಮೇಲ್ ಬಂದದ್ದು ಯಾವತ್ತು?

ಆ ದಿನದಿಂದ 60 ದಿನ. ಶನಿವಾರ, ಭಾನುವಾರ, ರಜೆ ಎಲ್ಲ ಸೇರಿ. ಅಷ್ಟರೊಳಗೆ ‘ಮ್ಯಾನೇಜ್‌ಮೆಂಟ್ ಇವ್ಯಾಲ್ಯುಯೇಷನ್’ ಎಂಬ ಮರುಪರಿಶೀಲನೆಗೆ ಲಿಖಿತ ಅರ್ಜಿ ಹೋಗಿರಬೇಕು. ಪತ್ರ ಮಾರ್ಚ್ 1ಕ್ಕೆ ಬಂದು ಗುತ್ತಿಗೆ ಜೂನ್ 30ರವರೆಗೆ ಇದೆ ಎನ್ನಿ. ನಮ್ಮವರು ಜೂನ್ 30ರಿಂದ ಎಣಿಸುತ್ತಾರೆ. ಗಡುವು ಏಪ್ರಿಲ್ 30ಕ್ಕೇ ಮುಗಿದಿರುತ್ತದೆ, ಇವರಿನ್ನೂ ಅದೇ ಕುರ್ಚಿಯಲ್ಲಿ ಕೂತು ಕೆಲಸ ಮಾಡುತ್ತಿರುತ್ತಾರೆ!

ನಡುವೆ ಏನಾಗುತ್ತದೆ? ಎಚ್‌ಆರ್‌ನವರು “ನೋಡೋಣ, ಮೇಲಿನವರ ಹತ್ತಿರ ಮಾತಾಡ್ತೀನಿ” ಎನ್ನುತ್ತಾರೆ. ನೀವು ವಿನಯದಿಂದ ಮತ್ತೊಂದು ಮನವಿ ಬರೆಯುತ್ತೀರಿ. ‘ಹಿಂದಿನ ತೀರ್ಮಾನದಲ್ಲಿ ಬದಲಾವಣೆ ಇಲ್ಲ’ ಎಂದು ಉತ್ತರ ಬರುತ್ತದೆ. ಹಳೆಯ ತೀರ್ಮಾನವನ್ನೇ ಮತ್ತೆ ಹೇಳಿದ ಪತ್ರದಿಂದ ಹೊಸ ಗಡುವು ಹುಟ್ಟುವುದಿಲ್ಲ. ಆಮೇಲೆ ಅದೇ ಎಚ್‌ಆರ್ ಕಚೇರಿಯೇ ನಿಮ್ಮ ಅರ್ಜಿ ತಡವಾಯಿತು ಎಂದು ತಕರಾರು ತೆಗೆಯುತ್ತದೆ, ನಾಚಿಕೆಯೂ ಇರುವುದಿಲ್ಲ.

ಒಂಬುಡ್ಸ್‌ಮನ್ ಹತ್ತಿರ ಹೋಗಿ, ಒಳ್ಳೆಯದೇ. ಆದರೆ ಹೋದ ಮಾತ್ರಕ್ಕೆ ಗಡುವು ನಿಲ್ಲದು. ವಿಸ್ತರಣೆಯನ್ನು ಕೇಳಿ, ಬರಹದಲ್ಲಿ ಪಡೆದಿರಬೇಕು. ನೌಕರರಿಗೆ ಉಚಿತ ಕಾನೂನು ನೆರವಿನ ಕಚೇರಿಯೂ ಇದೆ. ಅಲ್ಲಿಗೆ ಬರೆದ ಪತ್ರ ಅರ್ಜಿಯೆನಿಸುವುದಿಲ್ಲ. ‘ಜಿನೀವಾದಲ್ಲಿ ನಮ್ಮವರಿದ್ದಾರೆ’ ಎಂದು ಹಣ ಕೇಳುವವರನ್ನಂತೂ ಬಾಗಿಲಿಂದಲೇ ಕಳಿಸಿ.

ಆಡಳಿತದ ಉತ್ತರಕ್ಕೆ ನ್ಯೂಯಾರ್ಕ್‌ನಲ್ಲಿ 30 ದಿನ, ಬೇರೆಡೆ 45 ದಿನ. ಉತ್ತರ ಬಂದ ಮೇಲೆ, ಬರದಿದ್ದರೆ ಆ ಅವಧಿ ಮುಗಿದ ಮೇಲೆ, ವಿವಾದ ನ್ಯಾಯಮಂಡಳಿಗೆ ಹೋಗಲು 90 ದಿನ. ತಡವಾದ ಉತ್ತರಕ್ಕಾಗಿ ಕಾಯುತ್ತಾ ಕೂರಬೇಡಿ. ಶಿಸ್ತುಕ್ರಮವಾದರೆ ಮರುಪರಿಶೀಲನೆಯ ಹಂತವಿಲ್ಲ, ನೇರ ನ್ಯಾಯಮಂಡಳಿಗೇ ಹೋಗಬೇಕು. ತಡೆಯಾಜ್ಞೆ ಬೇಕಿದ್ದರೆ ತೀರ್ಮಾನ ಜಾರಿಯಾಗುವ ಮೊದಲೇ ಕೇಳಬೇಕು. ಗುತ್ತಿಗೆ ಮುಗಿದ ಮರುದಿನ ಕೇಳಿದರೆ ತಡೆಯಲು ಏನೂ ಉಳಿದಿರುವುದಿಲ್ಲ.

ಊರಿನ ವಕೀಲರು ‘ವಿಳಂಬ ಮನ್ನಾ ಅರ್ಜಿ ಹಾಕೋಣ’ ಎನ್ನಬಹುದು. ಆ 60 ದಿನವನ್ನು ಮನ್ನಾ ಮಾಡುವ ಅಧಿಕಾರ ನ್ಯಾಯಮಂಡಳಿಗೇ ಇಲ್ಲ. ಹೈಕೋರ್ಟಿಗೆ ರಿಟ್ ಹಾಕುವ ಮಾತೂ ಬೇಡ. 1947ರ ಕಾಯ್ದೆಯಡಿ ವಿಶ್ವಸಂಸ್ಥೆಗೆ ಭಾರತದ ಕೋರ್ಟುಗಳಿಂದ ವಿನಾಯಿತಿ ಇದೆ.

ಇದೆಲ್ಲ ವಿಶ್ವಸಂಸ್ಥೆಯ ಸಚಿವಾಲಯದಂಥ ಕಡೆಗೆ. ವಿಶ್ವ ಆರೋಗ್ಯ ಸಂಸ್ಥೆ, ಯುನೆಸ್ಕೋ ನೌಕರರು ಹೋಗಬೇಕಾದ್ದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ನ್ಯಾಯಮಂಡಳಿಗೆ: ಸಂಸ್ಥೆಯೊಳಗಿನ ಮೇಲ್ಮನವಿ ಮುಗಿಸಿ, ಅಂತಿಮ ತೀರ್ಮಾನದಿಂದ 90 ದಿನದೊಳಗೆ. ಒಳಗಿನ ಮೇಲ್ಮನವಿಯ ಗಡುವು ಸಂಸ್ಥೆಗೊಂದು ತರಹ, ಅವರವರ ನೌಕರ ನಿಯಮಾವಳಿಯನ್ನೇ ನೋಡಿ. ನೀವು ಕನ್ಸಲ್ಟೆಂಟ್ ಆಗಿದ್ದರೆ ಇವೆರಡು ದಾರಿಯೂ ಸಾಮಾನ್ಯವಾಗಿ ಇಲ್ಲ. ನಿಮ್ಮ ಕರಾರುಪತ್ರದಲ್ಲಿ ಮಧ್ಯಸ್ಥಿಕೆಯ ಷರತ್ತು ಎಲ್ಲಿದೆ ಎಂದು ಇವತ್ತೇ ಹುಡುಕಿ.