ಕರಡಿಗೆ ಆಕ್ಷೇಪಣೆ: ಇಮೇಲ್ ಕಳಿಸಿದರೆ ಮುಗಿಯಿತೇ?

2020ರ ಏಪ್ರಿಲ್. ಲಾಕ್‌ಡೌನ್ ನಡುವೆಯೇ ಕೇಂದ್ರ ಪರಿಸರ ಸಚಿವಾಲಯ ಪರಿಸರ ಪರಿಣಾಮ ಅಂದಾಜಿನ ಹೊಸ ಕರಡು ಅಧಿಸೂಚನೆಯನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿತು. ಆಕ್ಷೇಪಣೆಗೆ 60 ದಿನ ಕಾಲಾವಕಾಶ, ಇಮೇಲ್‌ನಲ್ಲೂ ಕಳಿಸಬಹುದು. ಆದರೆ ಕರಡು ಇದ್ದದ್ದು ಹಿಂದಿ, ಇಂಗ್ಲಿಷಿನಲ್ಲಿ ಮಾತ್ರ. ಗಣಿ ಪಕ್ಕದ ಹೊಲದವರು ಓದಲಾಗದ ಕರಡಿಗೆ ಏನೆಂದು ಆಕ್ಷೇಪಿಸಬೇಕು? ಜೂನ್ 30ರಂದು ದೆಹಲಿ ಹೈಕೋರ್ಟ್, ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಿಗೂ ಕರಡನ್ನು ಅನುವಾದಿಸಲು ಹೇಳಿ, ಗಡುವನ್ನು ಆಗಸ್ಟ್ 11ಕ್ಕೆ ಮುಂದೂಡಿತು. ಸ್ಥಳೀಯ ಭಾಷೆಗಳಲ್ಲಿ ಸಾಕಷ್ಟು ಪ್ರಚಾರ ನೀಡಿಲ್ಲವೆಂಬ ಅರ್ಜಿಯಲ್ಲಿ ಕರ್ನಾಟಕ ಹೈಕೋರ್ಟ್, ಅಂತಿಮ ಅಧಿಸೂಚನೆ ಹೊರಡಿಸದಂತೆ ಆಗಸ್ಟ್‌ನಲ್ಲಿ ಮಧ್ಯಂತರ ಆದೇಶ ನೀಡಿತು.

ಸರ್ಕಾರ ಜಾಲತಾಣದಲ್ಲಿ ಕೇಳುವ ಅಭಿಪ್ರಾಯವೆಲ್ಲ ಒಂದೇ ತೂಕದ್ದಲ್ಲ. 2014ರ ಶಾಸನಪೂರ್ವ ಸಮಾಲೋಚನಾ ನೀತಿಯ ಪ್ರಕಾರ ಕೇಂದ್ರದ ಇಲಾಖೆಗಳು ಕರಡನ್ನು ಕನಿಷ್ಠ 30 ದಿನ ಜನರ ಮುಂದಿಟ್ಟು, ಬಂದ ಅಭಿಪ್ರಾಯಗಳ ಸಾರಾಂಶವನ್ನೂ ಪ್ರಕಟಿಸಬೇಕು. ಆದರೆ ಅದು ನೀತಿಯಷ್ಟೇ, ಕಾಯ್ದೆಯಲ್ಲ. ಪಾಲಿಸದಿದ್ದರೆ ದಂಡವಿಲ್ಲ, ಹಾಗಾಗಿ ಇಲಾಖೆಗಳಿಗೂ ಅವಸರವಿಲ್ಲ! ಮೂಲ ಕಾಯ್ದೆಯೇ ನಿಯಮಗಳ ಪೂರ್ವಪ್ರಕಟಣೆ ಕಡ್ಡಾಯ ಮಾಡಿದ್ದರೆ ಮಾತು ಬೇರೆ. 1897ರ ಸಾಮಾನ್ಯ ಖಂಡಗಳ ಅಧಿನಿಯಮದ 23ನೇ ಕಲಂ ಪ್ರಕಾರ, ಗಡುವಿನೊಳಗೆ ಬಂದ ಆಕ್ಷೇಪಣೆಗಳನ್ನು ಪ್ರಾಧಿಕಾರ ಪರಿಗಣಿಸಲೇಬೇಕು. ಪರಿಗಣಿಸುವುದೆಂದರೆ ಒಪ್ಪುವುದಲ್ಲ, ಅಷ್ಟು ನೆನಪಿರಲಿ.

ಆದ್ದರಿಂದ ಯಾವ ಕಾಯ್ದೆಯ ಯಾವ ಕಲಮಿನಡಿ ಕರಡು ಬಂದಿದೆಯೆಂದು ಮೊದಲು ನೋಡಿ. ಅಧಿಸೂಚನೆಯ ಸಂಖ್ಯೆ, ದಿನಾಂಕ ಬರೆದು, ಯಾವ ಅಂಶ ನಿಮಗೆ ಹೇಗೆ ತೊಂದರೆ ಕೊಡುತ್ತದೆಂದು ಹೇಳಿ. ಫೇಸ್‌ಬುಕ್ ಕಮೆಂಟು ಆಕ್ಷೇಪಣೆಯಲ್ಲ. ಸಾವಿರಾರು ಜನ ನಕಲು ಮಾಡಿ ಕಳಿಸಿದ ಒಂದೇ ಒಕ್ಕಣೆಗಿಂತ ಸರ್ವೆ ನಂಬರ್, ಬಾವಿ, ಬೆಳೆ ಹೆಸರಿಸಿದ ಒಂದು ಪುಟವನ್ನು ತಳ್ಳಿಹಾಕುವುದು ಕಷ್ಟ. ಇಮೇಲ್ ಕಳಿಸಿದರೂ ಅಧಿಸೂಚನೆಯಲ್ಲಿರುವ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲೂ ಪ್ರತಿ ಹಾಕಿ ರಸೀದಿ ಇಟ್ಟುಕೊಳ್ಳಿ. ಕಚೇರಿ ಹತ್ತಿರವಿದ್ದರೆ ಟಪಾಲಿನಲ್ಲಿ ಕೊಟ್ಟು ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಜಾಲತಾಣ ಕೈಕೊಟ್ಟರೆ ಪರದೆಯ ಚಿತ್ರ ತೆಗೆದಿಡಿ.

ಗಡುವು ಮುಗಿದ ಮೇಲೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಎಷ್ಟು ಆಕ್ಷೇಪಣೆ ಬಂದವು, ಅವುಗಳ ಬಗ್ಗೆ ಕಡತದಲ್ಲಿ ಏನು ಟಿಪ್ಪಣಿಯಿದೆ ಎಂಬುದರ ಪ್ರತಿ ಕೇಳಿ. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ರಾಜ್ಯದ ಕಚೇರಿಗಾದರೆ ಅರ್ಜಿ 150 ಪದ ಮೀರದೆ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ. ಕೇಂದ್ರದ ಇಲಾಖೆಗೂ ಇಲ್ಲಿಂದ ಕನ್ನಡದಲ್ಲೇ ಬರೆಯಬಹುದು, ಕಾಯ್ದೆಯ 6(1)ನೇ ಕಲಂ ಅರ್ಜಿ ಹಾಕುವ ಪ್ರದೇಶದ ಅಧಿಕೃತ ಭಾಷೆಗೂ ಅವಕಾಶ ಕೊಟ್ಟಿದೆ.